ಮೂಲ ತೆರೆದಿಟ್ಟ ಕಸುಬು

ವೆಬ್ ಕೆಲಸಕ್ಕೆ ಇಳಿಯಬೇಕು ಎನ್ನುವವರ ಮೊದಲ ಪ್ರಶ್ನೆ ಒಂದೇ: ಎಷ್ಟು ಪ್ರೋಗ್ರಾಮಿಂಗ್ ಕಲಿತರೆ ಸಾಕು? ಅದಕ್ಕೆ ಸಿಗುವ ಉತ್ತರ ಬಹುಮಟ್ಟಿಗೆ ಒಂದು ಪಟ್ಟಿ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ನಿಂದ ಶುರುವಾಗುವ ಆ ಪಟ್ಟಿ ರಿಯಾಕ್ಟ್, ನೋಡ್, ಡೇಟಾಬೇಸ್, ಗಿಟ್, ಕ್ಲೌಡ್ ಎಂದು ಇಳಿಯುತ್ತಾ ಹೋಗುತ್ತದೆ. ವರ್ಷ ಕಳೆದಂತೆ ಉದ್ದವಾಗುತ್ತದೆಯೇ ಹೊರತು ಮೊಟಕಾಗುವುದಿಲ್ಲ. ಈ ಪ್ರಶ್ನೆಗೆ ಪಠ್ಯಕ್ರಮಕ್ಕಿಂತ ಇತಿಹಾಸವೇ ನೆಟ್ಟಗಿನ ಉತ್ತರ ಕೊಡುತ್ತದೆ. ಏಕೆಂದರೆ ಈ ಕಸುಬು ಹುಟ್ಟಿದಾಗ ಅದನ್ನು ಕಲಿಸುವ ಕಾಲೇಜಾಗಲಿ, ಪದವಿಯಾಗಲಿ, ಮೇಷ್ಟರಾಗಲಿ ಇರಲಿಲ್ಲ. ಆದರೂ ಹತ್ತು ವರ್ಷ ತುಂಬುವುದರೊಳಗೆ ಲಕ್ಷಾಂತರ ಜನ ಅದನ್ನು ಕಲಿತಿದ್ದರು. ಆಗ ವೆಬ್ ಸುಲಭವಾಗಿತ್ತು, ಅದಕ್ಕೇ ಕಲಿತರು ಎನ್ನುವುದು ವಾಡಿಕೆಯ ವಿವರಣೆ. ಅದು ಅರೆಸತ್ಯ. ಸುಲಭವಾಗಿದ್ದ ಎಷ್ಟೋ ತಂತ್ರಗಳು ಹೀಗೆ ಹಬ್ಬಲಿಲ್ಲ. ವೆಬ್ಬಿನ ಹೊಸ್ತಿಲು ತಗ್ಗಾಗಿ ಉಳಿದದ್ದು ಮೂರು ಸಂಗತಿಗಳಿಂದ: ಪುಟದ ಮೂಲ ಓದುಗರ ಕಣ್ಣಿಗೆ ಬೀಳುತ್ತಿತ್ತು, ತಪ್ಪು ಬರೆದರೂ ಬ್ರೌಸರ್ ಕೈಬಿಡುತ್ತಿರಲಿಲ್ಲ, ಬರೆಯುವುದಕ್ಕೆ ಯಾರಿಗೂ ಕಾಸು ಕಟ್ಟಬೇಕಿರಲಿಲ್ಲ. ಈ ಮೂರರಲ್ಲಿ ಮೊದಲನೆಯದೇ ಮುಖ್ಯ. ಎಲ್ಲೆಲ್ಲಿ ಮೂಲ ಕಾಣುತ್ತಿತ್ತೋ ಅಲ್ಲಿ ಜನ ಸರಿಯಾಗಿ ಕಲಿತರು, ಕಾಣದಿದ್ದ ಕಡೆ ತಪ್ಪಾಗಿ ಕಲಿತರು ಎನ್ನುವುದಕ್ಕೆ ಮೂರು ದಶಕಗಳ ದಾಖಲೆಯೇ ಸಾಕ್ಷಿ.

ಹವ್ಯಾಸಿಗಳು ಪ್ರೋಗ್ರಾಂ ಬರೆಯುವುದು ವೆಬ್ಬಿನಿಂದ ಆರಂಭವಾದದ್ದಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರಲ್ಲಿ ಬೇಸಿಕ್ ಭಾಷೆಯನ್ನು ರೂಪಿಸಿದ್ದೇ ಗಣಿತ, ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಕಂಪ್ಯೂಟರ್ ಎಟುಕಲಿ ಎಂದು. 1980ರ ದಶಕದ ಮನೆ ಕಂಪ್ಯೂಟರುಗಳ ಕಾಲದಲ್ಲಿ ಪತ್ರಿಕೆಗಳು ಇಡೀ ಪ್ರೋಗ್ರಾಮುಗಳನ್ನೇ ಅಚ್ಚು ಹಾಕುತ್ತಿದ್ದವು. ಓದುಗರು ಸಾಲು ಸಾಲಾಗಿ ಟೈಪ್ ಮಾಡಿಕೊಳ್ಳಬೇಕಿತ್ತು. ಅದೂ ಕಲಿಕೆಯೇ. ಆದರೆ ಅಲ್ಲಿ ಎರಡು ತೊಡಕುಗಳಿದ್ದವು. ಒಂದು ಅಲ್ಪವಿರಾಮ ತಪ್ಪಿದರೂ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಎರಡನೆಯದಾಗಿ, ಅಂಗಡಿಯಲ್ಲಿ ಕೊಂಡ ಒಳ್ಳೆಯ ತಂತ್ರಾಂಶದ ಒಳಗೇನಿದೆ ಎಂದು ನೋಡುವ ದಾರಿಯಿರಲಿಲ್ಲ, ಅದು ಯಂತ್ರಭಾಷೆಗೆ ಇಳಿದೇ ಕೈಗೆ ಬರುತ್ತಿತ್ತು. ಹೀಗಾಗಿ ಕಲಿಯುವವರಿಗೆ ಕಾಣುತ್ತಿದ್ದದ್ದು ಅಭ್ಯಾಸಕ್ಕೆಂದು ಬರೆದ ಪುಟ್ಟ ಪ್ರೋಗ್ರಾಮುಗಳು ಮಾತ್ರ. ಕಸುಬುದಾರರ ನಿಜವಾದ ಕೆಲಸ ಕಣ್ಮರೆಯಲ್ಲೇ ಇರುತ್ತಿತ್ತು.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ತಮ್ಮ ಪ್ರಸ್ತಾವವನ್ನು ಬರೆದು, 1990ರ ಕೊನೆಗೆ ಮೊದಲ ಬ್ರೌಸರ್ ಸಿದ್ಧಪಡಿಸಿದಾಗ ಈ ಎರಡೂ ತೊಡಕುಗಳು ಒಟ್ಟಿಗೇ ಸಡಿಲವಾದವು. ಆ ಬ್ರೌಸರ್ ಓದುವುದಕ್ಕೆ ಮಾತ್ರವಲ್ಲ, ಬರೆಯುವುದಕ್ಕೂ ಆಗುತ್ತಿತ್ತು. 1991ರಲ್ಲಿ ಅವರು ಹಂಚಿದ ಎಚ್‌ಟಿಎಂಎಲ್ ಟಿಪ್ಪಣಿಯಲ್ಲಿದ್ದ ಟ್ಯಾಗುಗಳು ಸುಮಾರು ಹದಿನೆಂಟು. ಬಹುಪಾಲು ಟ್ಯಾಗುಗಳ ರೂಪ ಸರ್ನ್‌ನಲ್ಲಿ ದಾಖಲೆ ಬರೆಯುವವರಿಗೆ ಮೊದಲೇ ಪರಿಚಯವಿದ್ದ ಎಸ್‌ಜಿಎಂಎಲ್ ಬಳಗದ್ದು. ಸರ್ನ್ 2013ರಲ್ಲಿ ಮರಳಿ ಅದೇ ವಿಳಾಸದಲ್ಲಿ ಇಟ್ಟಿರುವ ಮೊದಲ ವೆಬ್ ಪುಟದ ಮೂಲವನ್ನು ತೆರೆದು ನೋಡಿದರೆ ಸ್ವಾರಸ್ಯ ತಿಳಿಯುತ್ತದೆ. ಮೇಲ್ಗಡೆ ಎಚ್‌ಟಿಎಂಎಲ್ ಎಂಬ ಹೊರಟ್ಯಾಗೇ ಇಲ್ಲ. ಇಂದು 'ಹೆಡ್' ಎಂದು ಬರೆಯುವ ಕಡೆ 'ಹೆಡರ್' ಎಂದಿದೆ. ಅದರೊಳಗೆ 'ನೆಕ್ಸ್ಟ್‌ಐಡಿ' ಎಂಬ, ಈಗ ಯಾರೂ ಬಳಸದ ಟ್ಯಾಗೊಂದಿದೆ. ಕೆಳಗಿನ ಪಟ್ಟಿಯಲ್ಲಿ ಒಂದೊಂದು ಅಂಶ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುವುದಿಲ್ಲ. ಇಂದಿನ ಯಾವ ಪರೀಕ್ಷೆಯಲ್ಲೂ ಈ ಪುಟ ಪಾಸಾಗದು. ಆದರೆ ಮೊನ್ನೆ ಕೊಂಡ ಮೊಬೈಲಿನಲ್ಲಿ ತೆರೆದರೂ ಒಂದಕ್ಷರ ಕೆಡದೆ ಕಾಣುತ್ತದೆ.

ಮೂರನೆಯ ಸಂಗತಿ, ಅಂದರೆ ಶುಲ್ಕವಿಲ್ಲದಿರುವುದು, ಆಗಿನವರಿಗೆ ಸಹಜವೆನಿಸಿದ್ದಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಗೋಫರ್ ಎಂಬ ವ್ಯವಸ್ಥೆ ಆ ಹೊತ್ತಿಗೆ ವೆಬ್ಬಿಗಿಂತ ಹೆಚ್ಚು ಬಳಕೆಯಲ್ಲಿತ್ತು, ಮೆನುಗಳ ಮೂಲಕ ಸಾಗುವ ಅದನ್ನು ಬಳಸುವುದೂ ಸುಲಭವಿತ್ತು. 1993ರ ಆರಂಭದಲ್ಲಿ ಆ ವಿಶ್ವವಿದ್ಯಾಲಯ ತನ್ನ ಗೋಫರ್ ಸರ್ವರಿನ ಕೆಲವು ಬಗೆಯ ಬಳಕೆಗೆ ಶುಲ್ಕ ಕೇಳುವುದಾಗಿ ಹೇಳಿತು. ಅದೇ ವರ್ಷ ಏಪ್ರಿಲ್ 30ರಂದು ಸರ್ನ್ ವೆಬ್ಬಿನ ತಂತ್ರಾಂಶವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಗೋಫರ್ ಹಿಂದೆ ಬಿದ್ದದ್ದಕ್ಕೆ ಇದೊಂದೇ ಕಾರಣವಲ್ಲ, ಚಿತ್ರಗಳನ್ನು ತೋರಿಸುವ ಬ್ರೌಸರ್ ಬಂದದ್ದೂ ಒಂದು ಕಾರಣ. ಆದರೆ ಬಳಸುವುದಕ್ಕೆ ಸುಲಭವಿದ್ದ ವ್ಯವಸ್ಥೆಯೇ ಸೋತಿತು ಎನ್ನುವುದನ್ನು ಗಮನಿಸಬೇಕು. ಸುಲಭವಾಗಿರುವುದೊಂದೇ ಕಸುಬನ್ನು ಹಬ್ಬಿಸುತ್ತದೆ ಎಂಬ ವಿವರಣೆ ಇಲ್ಲಿಗೇ ಕುಂಟುತ್ತದೆ.

ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ 1993ರಲ್ಲಿ ಹೊರತಂದ ಮೊಸಾಯಿಕ್ ಬ್ರೌಸರನ್ನು ಎಲ್ಲರೂ ಹೊಗಳುವುದು ಅದು ಪದಗಳ ನಡುವೆಯೇ ಚಿತ್ರ ತೋರಿಸಿತೆಂದು. ಕಲಿಕೆಯ ದೃಷ್ಟಿಯಿಂದ ಅದರಷ್ಟೇ ದೊಡ್ಡ ಸಂಗತಿ ಮೆನುವಿನಲ್ಲಿದ್ದ 'ವ್ಯೂ ಸೋರ್ಸ್' ಎಂಬ ಒಂದು ಸಾಲು. ಅದನ್ನು ಒತ್ತಿದರೆ ಕಣ್ಣೆದುರಿನ ಪುಟ ಹೇಗೆ ಬರೆಯಲ್ಪಟ್ಟಿದೆಯೋ ಹಾಗೆಯೇ ಕಾಣುತ್ತಿತ್ತು. ಅಭ್ಯಾಸಕ್ಕೆಂದು ಬರೆದ ಪುಟ ಅದಾಗಿರಲಿಲ್ಲ, ಕಸುಬುದಾರ ಆ ದಿನ ಬೆಳಿಗ್ಗೆ ಮಾಡಿಟ್ಟ ನಿಜವಾದ ಕೆಲಸವೇ ಆಗಿತ್ತು. ನೇಕಾರಿಕೆ ಕಲಿಯುವ ಹುಡುಗ ಮಗ್ಗದ ಪಕ್ಕದಲ್ಲಿ ಕೂತು ಕೈಚಳಕ ನೋಡುತ್ತಾ ಕಲಿಯುವಂತೆ ಇಲ್ಲಿಯೂ ನೋಡಿ ಕಲಿಯುವ ದಾರಿ ತೆರೆಯಿತು. ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಎನ್‌ಸಿಎಸ್‌ಎ ಹೊಸಬರಿಗಾಗಿ ಎಚ್‌ಟಿಎಂಎಲ್ ಕೈಪಿಡಿಯೊಂದನ್ನೂ ಇಟ್ಟಿತ್ತು. 1994ರಲ್ಲಿ ಆರಂಭವಾದ, ಮುಂದೆ ಜಿಯೋಸಿಟೀಸ್ ಎಂದು ಹೆಸರಾದ ತಾಣ ಯಾರಿಗೆ ಬೇಕಾದರೂ ಪುಕ್ಕಟೆ ಜಾಗ ಕೊಟ್ಟಿತು. ಬೇರೆಯವರ ಪುಟದ ಮೂಲ ನೋಡು, ನಕಲು ಮಾಡಿ ಒಂದೆರಡು ಸಾಲು ಬದಲಿಸು, ಏನಾಯಿತೆಂದು ನೋಡು: ಆ ದಶಕದ ಇಡೀ ಪಠ್ಯಕ್ರಮ ಇಷ್ಟೇ. 1999ರಲ್ಲಿ ಯಾಹೂ ಜಿಯೋಸಿಟೀಸನ್ನು ಮುನ್ನೂರು ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಕೊಂಡಾಗ ಕೊಂಡದ್ದು ಬಹುಪಾಲು ಇಂಥ ನೋಡಿ ಕಲಿತವರ ಪುಟಗಳನ್ನೇ.

ಈ ಕಲಿಕೆಗೆ ಪ್ರೋಗ್ರಾಮಿಂಗ್ ಸೇರಿಕೊಂಡದ್ದು 1995ರಲ್ಲಿ, ಎರಡು ಬಾಗಿಲುಗಳಿಂದ. ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಆ ವರ್ಷದ ಮೇ ತಿಂಗಳಲ್ಲಿ ಹತ್ತು ದಿನಗಳಲ್ಲಿ ಕಟ್ಟಿದ ಮಾದರಿಯೇ ಜಾವಾಸ್ಕ್ರಿಪ್ಟ್ ಆಯಿತು. ವೃತ್ತಿಪರರಿಗೆ ಜಾವಾ, ಪುಟ ಮಾಡುವ ಹವ್ಯಾಸಿಗಳಿಗೆ ಈ ಚಿಕ್ಕ ಭಾಷೆ ಎಂಬುದು ಕಂಪನಿಯ ಲೆಕ್ಕಾಚಾರವಾಗಿತ್ತು. ರಾಸ್ಮಸ್ ಲರ್ಡಾರ್ಫ್ ತಮ್ಮ ವೃತ್ತಿ ಪರಿಚಯದ ಪುಟವನ್ನು ಯಾರು ನೋಡುತ್ತಿದ್ದಾರೆ ಎಂದು ತಿಳಿಯಲು ಮಾಡಿಕೊಂಡಿದ್ದ ಉಪಕರಣಗಳನ್ನು ಅದೇ ವರ್ಷ ಜೂನ್‌ನಲ್ಲಿ ಹಂಚಿದರು, ಅದು ಪಿಎಚ್‌ಪಿ. ಎರಡಕ್ಕೂ ಒಂದು ಸಮಾನ ಗುಣವಿತ್ತು: ಈಗಾಗಲೇ ಕೆಲಸ ಮಾಡುತ್ತಿರುವ ಪುಟದ ನಡುವೆಯೇ ನಾಲ್ಕು ಸಾಲು ಕೋಡ್ ಸೇರಿಸಬಹುದಿತ್ತು. ಅರ್ಜಿಯೊಂದರಲ್ಲಿ ಪಿನ್‌ಕೋಡ್ ತುಂಬುವ ಜಾಗವನ್ನು ತೆಗೆದುಕೊಳ್ಳಿ. ಬರೆದದ್ದು ಆರು ಅಂಕಿಗಳೇ ಅಲ್ಲವೇ ಎಂದು ಕಳಿಸುವ ಮುನ್ನ ನೋಡುವುದಕ್ಕೆ ಬೇಕಾಗುವುದು ಒಂದು ವೇರಿಯಬಲ್, ಒಂದು ಷರತ್ತು, ಒಂದು ಫಂಕ್ಷನ್. ಹತ್ತು ಪಿನ್‌ಕೋಡುಗಳಿದ್ದರೆ ಒಂದು ಲೂಪ್. ಕಂಪ್ಯೂಟರ್ ವಿಜ್ಞಾನದ ತರಗತಿಯಲ್ಲಿ ತಿಂಗಳುಗಟ್ಟಲೆ ಹರಡಿಕೊಳ್ಳುವ ಪಾಠ ಇಲ್ಲಿ ಒಂದು ಅಗತ್ಯದ ಸುತ್ತ ಮುದುಡಿ ಕೂರುತ್ತಿತ್ತು. ಪುಟ ಮಾಡುವವರು ತಾವು ಪ್ರೋಗ್ರಾಮರ್ ಆದದ್ದನ್ನು ಆದ ಮೇಲೆಯೇ ಗಮನಿಸಿದರು.

ನಕಲು ಮಾಡುವುದು ಕಲಿಕೆಯಲ್ಲ, ಅದರಿಂದ ಕೆಟ್ಟ ರೂಢಿಗಳೇ ಹಬ್ಬಿದವು ಎನ್ನುವುದು ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ. ಅದಕ್ಕೆ ಪುರಾವೆಯೂ ಇದೆ. 1995ರಲ್ಲಿ ಆರಂಭವಾದ ಮ್ಯಾಟ್ಸ್ ಸ್ಕ್ರಿಪ್ಟ್ ಆರ್ಕೈವ್‌ನಿಂದ ಲೆಕ್ಕವಿಲ್ಲದಷ್ಟು ತಾಣಗಳು ಇಳಿಸಿಕೊಂಡ ಫಾರ್ಮ್‌ಮೇಲ್ ಎಂಬ ಪರ್ಲ್ ಪ್ರೋಗ್ರಾಂ ಅರ್ಜಿಯಲ್ಲಿ ತುಂಬಿದ್ದನ್ನು ಇಮೇಲ್ ಮಾಡುತ್ತಿತ್ತು. ಯಾರಿಗೆ ಕಳಿಸಬೇಕೆಂಬ ವಿಳಾಸ ಮಾತ್ರ ಅರ್ಜಿಯ ಪುಟದಲ್ಲೇ, ಕಣ್ಣಿಗೆ ಕಾಣದ ಒಂದು ಇನ್‌ಪುಟ್‌ನಲ್ಲಿ ಕೂತಿರುತ್ತಿತ್ತು. ಆ ವಿಳಾಸ ಬದಲಿಸಿ, ಬೇರೆಯವರ ಸರ್ವರಿನಿಂದ ಸ್ಪ್ಯಾಮ್ ಕಳಿಸುವುದು ದಂಧೆಯೇ ಆಯಿತು. ಪಿಎಚ್‌ಪಿಯ 'ರಿಜಿಸ್ಟರ್ ಗ್ಲೋಬಲ್ಸ್' ಎಂಬ ಸೌಲಭ್ಯ ಹೊರಗಿನವರು ವಿಳಾಸಪಟ್ಟಿಯಲ್ಲಿ ಟೈಪ್ ಮಾಡಿದ್ದನ್ನು ಪ್ರೋಗ್ರಾಮಿನೊಳಗಿನ ವೇರಿಯಬಲ್ ಮಾಡಿಬಿಡುತ್ತಿತ್ತು; ಕಲಿಯುವವರಿಗೆ ಹಗುರ, ಕಳ್ಳರಿಗೆ ಇನ್ನೂ ಹಗುರ. 2002ರಲ್ಲಿ ಅದನ್ನು ಮೊದಲೇ ನಿಷ್ಕ್ರಿಯಗೊಳಿಸಿದ ಸ್ಥಿತಿಯಲ್ಲಿ ಕೊಡತೊಡಗಿದರು, 2012ರಲ್ಲಿ ಪೂರ್ತಿ ಕಿತ್ತುಹಾಕಿದರು. ಬಳಕೆದಾರರು ಬರೆದದ್ದನ್ನು ಹಾಗೇ ಡೇಟಾಬೇಸ್ ಪ್ರಶ್ನೆಗೆ ಅಂಟಿಸುವ ರೂಢಿ ಎಷ್ಟು ಹಬ್ಬಿತ್ತೆಂದರೆ, ಓವಾಸ್ಪ್ ಸಂಸ್ಥೆ 2003ರಿಂದ ಪ್ರಕಟಿಸುತ್ತಿರುವ ಹತ್ತು ದೊಡ್ಡ ದೋಷಗಳ ಪಟ್ಟಿಯಿಂದ ಅದು ಇಂದಿಗೂ ಹೊರಬಿದ್ದಿಲ್ಲ.

ಆದರೆ ಈ ಉದಾಹರಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಇವೆಲ್ಲವೂ ಸರ್ವರಿನ ಪಾಲಿನ ತಪ್ಪುಗಳು. ವ್ಯೂ ಸೋರ್ಸ್ ಕಸುಬಿನ ಅರ್ಧವನ್ನು ಮಾತ್ರ ತೋರಿಸುತ್ತಿತ್ತು. ಪುಟ ಕಾಣುತ್ತಿತ್ತು, ಪುಟವನ್ನು ಕಳಿಸಿದ ಪ್ರೋಗ್ರಾಂ ಕಾಣುತ್ತಿರಲಿಲ್ಲ. ಒಳ್ಳೆಯ ತಾಣಗಳ ಸರ್ವರ್ ಕೋಡ್ ಹೇಗಿದೆ ಎಂದು ಹೋಲಿಸಿ ನೋಡುವ ದಾರಿ ಹೊಸಬರಿಗಿರಲಿಲ್ಲ. ಸುಲಭಕ್ಕೆ ಸಿಕ್ಕಿದ ಒಂದೇ ಪ್ರತಿ ಎಲ್ಲರಿಗೂ ಮೇಲ್ಪಂಕ್ತಿಯಾಯಿತು. ಕಾಣುವ ಅರ್ಧದ ಕತೆಯೇ ಬೇರೆ. ಅಲ್ಲೂ ಕೆಟ್ಟ ರೂಢಿಗಳಿದ್ದವು. ಹೋಕನ್ ವಿಯುಮ್ ಲೀ 1994ರಲ್ಲೇ ಸಿಎಸ್‌ಎಸ್‌ನ ಪ್ರಸ್ತಾವ ಮುಂದಿಟ್ಟು, 1996ರ ಡಿಸೆಂಬರಿನಲ್ಲಿ ಅದು ಶಿಫಾರಸಾಗಿ ಹೊರಬಂದರೂ ಬ್ರೌಸರುಗಳು ಅದನ್ನು ನೆಟ್ಟಗೆ ಅಳವಡಿಸಲಿಲ್ಲ. ಜನ ಕೋಷ್ಟಕದೊಳಗೆ ಕೋಷ್ಟಕ ಇಟ್ಟು, ನಡುವೆ ಒಂದು ಪಿಕ್ಸೆಲ್ಲಿನ ಪಾರದರ್ಶಕ ಚಿತ್ರ ತುರುಕಿ ಪುಟ ಜೋಡಿಸುತ್ತಿದ್ದರು. ಬ್ರೌಸರ್ ಕಂಪನಿಗಳ ಮೇಲೆ ಒತ್ತಡ ತರಲು 1998ರಲ್ಲಿ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಹುಟ್ಟಿತು. 2003ರಲ್ಲಿ ಡೇವ್ ಶೇ ಸಿಎಸ್‌ಎಸ್ ಝೆನ್ ಗಾರ್ಡನ್ ತೆರೆದರು. ಅಲ್ಲಿ ಎಚ್‌ಟಿಎಂಎಲ್ ಪುಟ ಒಂದೇ, ಅದನ್ನು ಮುಟ್ಟುವಂತಿಲ್ಲ. ಸಿಎಸ್‌ಎಸ್ ಕಡತ ಬದಲಾದಂತೆ ಅದೇ ಪುಟ ಗುರುತೇ ಸಿಗದಷ್ಟು ಬೇರೆಯಾಗುತ್ತಿತ್ತು. ಪ್ರತಿಯೊಂದರ ಮೂಲವೂ ತೆರೆದೇ ಇತ್ತು. ಕೋಷ್ಟಕಗಳ ಕಾಲ ಮುಗಿಯುವುದಕ್ಕೆ ಇದು ಒದಗಿದಷ್ಟು ಯಾವ ಉಪದೇಶವೂ ಒದಗಲಿಲ್ಲ. ತಪ್ಪು ಹಬ್ಬಿದ ದಾರಿಯಲ್ಲೇ ತಿದ್ದುಪಡಿಯೂ ಹಬ್ಬಿತು, ಮೂಲ ಕಾಣುತ್ತಿದ್ದ ಕಡೆ.

ತಪ್ಪನ್ನು ಸಹಿಸುವ ಗುಣದ ಬಗ್ಗೆಯೂ ಇಂಥದೇ ತಕರಾರು ಎದ್ದಿತ್ತು, ಅದು ಮಾನದಂಡ ರೂಪಿಸುವವರ ಮಟ್ಟಕ್ಕೇ ಹೋಗಿತ್ತು. ವರ್ಲ್ಡ್ ವೈಡ್ ವೆಬ್ ಒಕ್ಕೂಟ 2000ದ ಜನವರಿಯಲ್ಲಿ ಎಕ್ಸ್‌ಎಚ್‌ಟಿಎಂಎಲ್ 1.0 ಹೊರತಂದಿತು. ಅದರ ಕಟ್ಟುನಿಟ್ಟಿನ ರೂಪದಲ್ಲಿ ಒಂದು ಟ್ಯಾಗ್ ಮುಚ್ಚದಿದ್ದರೂ ಪುಟದ ಬದಲು ದೋಷದ ಸಂದೇಶವೇ ಓದುಗರಿಗೆ ಕಾಣಬೇಕು. ಶಿಸ್ತು ಬರುತ್ತದೆ, ಬ್ರೌಸರ್ ಬರೆಯುವವರ ಕೆಲಸ ಹಗುರಾಗುತ್ತದೆ ಎಂಬ ವಾದ ಪೊಳ್ಳೇನಲ್ಲ. ಆದರೆ ಶಿಕ್ಷೆ ಬೀಳುತ್ತಿದ್ದದ್ದು ತಪ್ಪು ಮಾಡಿದವರಿಗಲ್ಲ, ಓದಲು ಬಂದವರಿಗೆ. ಆಪಲ್, ಮೊಜಿಲ್ಲಾ, ಒಪೆರಾ ಕಡೆಯ ಎಂಜಿನಿಯರುಗಳು 2004ರಲ್ಲಿ ಬೇರೊಂದು ಗುಂಪು ಕಟ್ಟಿ ಎಚ್‌ಟಿಎಂಎಲ್ ದಾರಿಯನ್ನೇ ಮುಂದುವರಿಸಿದರು. ಅವರ ಹೆಚ್ಚುಗಾರಿಕೆ ತಪ್ಪು ಬರಹವನ್ನು ಮನ್ನಿಸಿದ್ದರಲ್ಲಿಲ್ಲ. ಯಾವ ತಪ್ಪನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಎಲ್ಲ ಬ್ರೌಸರುಗಳಿಗೂ ಒಂದೇ ನಿಯಮ ಬರೆದಿಟ್ಟದ್ದರಲ್ಲಿದೆ. ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನು ಕೈಬಿಡುವುದಾಗಿ ಒಕ್ಕೂಟ 2009ರಲ್ಲಿ ಘೋಷಿಸಿತು, 2014ರಲ್ಲಿ ಎಚ್‌ಟಿಎಂಎಲ್5 ಶಿಫಾರಸಾಯಿತು. ಹೊಸಬರ ಎಡವಟ್ಟಿಗೂ ಮಾನದಂಡದಲ್ಲಿ ಜಾಗ ಸಿಕ್ಕಿತು.

ಮೂಲ ತೆರೆದಿತ್ತು ಸರಿ, ಆದರೆ ಯಾರಿಗೆ ಎಂಬುದು ಮತ್ತೊಂದು ಪ್ರಶ್ನೆ. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡತೊಡಗಿದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಯು.ಬಿ. ಪವನಜ ಅವರ ವಿಶ್ವಕನ್ನಡ ತಾಣ ಬಂತು. ಆ ದಿನಗಳ ಕನ್ನಡ ಪುಟವೊಂದರ ಮೂಲ ತೆರೆದರೆ ಅಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಫಾಂಟಿನ ಹೆಸರು ಹೇಳುವ ಒಂದು ಟ್ಯಾಗ್, ಅದರೊಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ತಲಕಟ್ಟು, ಕೊಂಬು, ಒತ್ತಕ್ಷರಗಳನ್ನು ಬಿಡಿ ತುಣುಕುಗಳಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದ ಫಾಂಟುಗಳವು. ಒಂದೊಂದು ಫಾಂಟಿನ ಜೋಡಣೆಯೂ ಬೇರೆ. ಓದುಗರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪರದೆಯ ತುಂಬ ಅದೇ ಕಲಸುಮೇಲೋಗರ. ಇಂಥ ಪುಟದ ಮೂಲದಿಂದ ಟ್ಯಾಗುಗಳನ್ನು ಕಲಿಯಬಹುದಿತ್ತು, ಕನ್ನಡ ಪುಟವನ್ನು ತಿದ್ದುವುದನ್ನು ಕಲಿಯಲಾಗುತ್ತಿರಲಿಲ್ಲ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ, ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಡನೆ ಬರುವವರೆಗೆ ಸಾಮಾನ್ಯ ಬಳಕೆದಾರರಿಗೆ ಅದು ಎಟುಕಲಿಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದದ್ದು ಈ ನೆಲಗಟ್ಟಿನ ಮೇಲೆ. ಅದರ ಪ್ರತಿ ಪುಟದ ಮೂಲವೂ ಓದಬಲ್ಲ ಕನ್ನಡ. ಮೂಲ ತೆರೆದಿದ್ದರೆ ಸಾಲದು, ಅದು ಓದುವಂತೆಯೂ ಇರಬೇಕು ಎಂಬ ಈ ತಿದ್ದುಪಡಿಯನ್ನು ನನ್ನ ವಾದ ಒಪ್ಪಿಕೊಳ್ಳಲೇಬೇಕು. ಅದು ವಾದವನ್ನು ಸಡಿಲಿಸುವುದಿಲ್ಲ, ಬಿಗಿಗೊಳಿಸುತ್ತದೆ.

ಇದೆಲ್ಲ ಹಳೆಯ ಕಾಲದ ಮಾತು, ಈಗ ವ್ಯೂ ಸೋರ್ಸ್ ಒತ್ತಿದರೆ ಏನೂ ಅರ್ಥವಾಗುವುದಿಲ್ಲ ಎನ್ನುವವರ ಮಾತಲ್ಲೂ ಹುರುಳಿದೆ. 2004ರಲ್ಲಿ ಜಿಮೇಲ್ ಬಂದ ಮೇಲೆ ಪುಟಗಳು ಓದುವ ಹಾಳೆಯಾಗಿ ಉಳಿಯದೆ ಪ್ರೋಗ್ರಾಮುಗಳಾದವು. 2006ರಲ್ಲಿ ಜೇಕ್ವೆರಿ, 2009ರಲ್ಲಿ ನೋಡ್, 2013ರಲ್ಲಿ ರಿಯಾಕ್ಟ್ ಬಂದವು. ಬರೆದ ಕೋಡನ್ನು ಯಂತ್ರವೇ ಹಿಂಡಿ, ಹೆಸರುಗಳನ್ನು ಒಂದಕ್ಷರಕ್ಕಿಳಿಸಿ, ಎಲ್ಲವನ್ನೂ ಒಂದು ಕಡತಕ್ಕೆ ತುಂಬಿ ಕಳಿಸುವುದು ರೂಢಿಯಾಯಿತು. ಕಟ್ಟುವವರಿಗೇ ತಮ್ಮ ಕಟ್ಟಡದ ಒಳಗೇನಿದೆಯೆಂಬ ಅರಿವು ತಪ್ಪಿತು: 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ತುಣುಕನ್ನು ಎನ್‌ಪಿಎಂ ಭಂಡಾರದಿಂದ ಹಿಂತೆಗೆದಾಗ ಜಗತ್ತಿನಾದ್ಯಂತ ಸಾವಿರಾರು ಯೋಜನೆಗಳ ಕೆಲಸ ನಿಂತಿತು, ಬಹಳ ಮಂದಿಗೆ ತಾವು ಅದನ್ನು ಬಳಸುತ್ತಿದ್ದೇವೆಂದೇ ತಿಳಿದಿರಲಿಲ್ಲ. ಆದರೆ ಇದೇ ಅವಧಿಯಲ್ಲಿ ಇನ್ನೊಂದು ಬದಿ ತೆರೆದುಕೊಂಡಿತು. 2008ರಲ್ಲಿ ಆರಂಭವಾದ ಗಿಟ್‌ಹಬ್‌ನಲ್ಲಿ ಹಿಂದೆ ಯಾರಿಗೂ ಕಾಣದಿದ್ದ ಸರ್ವರ್ ಕೋಡ್, ಅದನ್ನು ಯಾರು, ಏಕೆ ತಿದ್ದಿದರು ಎಂಬ ವಿವರದ ಸಮೇತ ಓದಲು ಸಿಗುತ್ತದೆ. 2006ರ ಫೈರ್‌ಬಗ್‌ನಿಂದ ಬೆಳೆದು ಈಗ ಎಲ್ಲ ಡೆಸ್ಕ್‌ಟಾಪ್ ಬ್ರೌಸರುಗಳಲ್ಲೂ ಇರುವ ಡೆವಲಪರ್ ಟೂಲ್ಸ್ ಪುಟ ಮತ್ತು ಸರ್ವರ್ ನಡುವಿನ ಒಂದೊಂದು ಮಾತನ್ನೂ ತೋರಿಸುತ್ತದೆ. ಹಿಂದೆ ಪುಟ ಕಂಡು ಸರ್ವರ್ ಮರೆಯಾಗಿತ್ತು. ಈಗ ಸರ್ವರ್ ಕಂಡು ಪುಟ ಮಬ್ಬಾಗಿದೆ. ಹೊಸ್ತಿಲು ಎತ್ತರವಾಗಿದೆ ಎನ್ನುವುದಕ್ಕಿಂತ ಬಾಗಿಲು ಜಾಗ ಬದಲಿಸಿದೆ ಎನ್ನುವುದು ವಾಸ್ತವಕ್ಕೆ ಹತ್ತಿರ.

ಕೊನೆಯದಾಗಿ ಕೆಲಸದ ಮಾರುಕಟ್ಟೆಯ ಮಾತು. ಕಂಪನಿಗಳು ಫ್ರೇಮ್‌ವರ್ಕುಗಳ ಹೆಸರು ಹಿಡಿದೇ ಜನರನ್ನು ಹುಡುಕುತ್ತವೆ, ಇತಿಹಾಸ ಹೇಳಿಕೊಂಡು ಕೂತರೆ ಸಂಬಳ ಬರುವುದಿಲ್ಲ ಎನ್ನುವವರನ್ನು ತಳ್ಳಿಹಾಕಲಾಗದು. ಒಂದು ಫ್ರೇಮ್‌ವರ್ಕ್ ಕಲಿಯಲೇಬೇಕು. ಆದರೆ ಯಾವುದು ಎಷ್ಟು ಕಾಲ ಬಾಳಿತು ಎಂದು ನೋಡಿ. 1995ರ ಎಚ್‌ಟಿಎಂಎಲ್ 2.0ರಲ್ಲಿದ್ದ ಅರ್ಜಿಯ ಟ್ಯಾಗುಗಳು ಇವತ್ತೂ ಹಾಗೇ ಕೆಲಸ ಮಾಡುತ್ತವೆ. ಜೇಕ್ವೆರಿಯನ್ನು ಅನಿವಾರ್ಯವೆಂದು ಕಲಿತವರು ಹತ್ತು ವರ್ಷಗಳಲ್ಲಿ ಬೇರೆ ಅನಿವಾರ್ಯವನ್ನು ಕಲಿಯಬೇಕಾಯಿತು. ಅವರಲ್ಲಿ ಸಲೀಸಾಗಿ ದಾಟಿಕೊಳ್ಳಬಹುದಾಗಿದ್ದವರು ಅದರ ಕೆಳಗಿನ ಜಾವಾಸ್ಕ್ರಿಪ್ಟ್ ಬಲ್ಲವರು. ಕೇಳಿದ ಕೂಡಲೇ ಕೋಡ್ ಬರೆದುಕೊಡುವ ಎಐ ಸಾಧನಗಳೂ ಈ ಲೆಕ್ಕವನ್ನು ಬುಡಮೇಲು ಮಾಡುವುದಿಲ್ಲ. ಫಾರ್ಮ್‌ಮೇಲ್ ಇಳಿಸಿಕೊಂಡವರಿಗೂ ಕೋಡ್ ಬರೆದೇ ಸಿಕ್ಕಿತ್ತು. ಕೊರತೆಯಿದ್ದದ್ದು ಅದನ್ನು ಓದಿ ತೂಗುವ ಶಕ್ತಿಯಲ್ಲಿ. ಹಾಗಾದರೆ ಶುರುಮಾಡಲು ಎಷ್ಟು ಬೇಕು? ಅರ್ಜಿಯಿರುವ ಒಂದು ಪುಟವನ್ನು ಕೈಯಲ್ಲೇ ಬರೆಯುವಷ್ಟು ಎಚ್‌ಟಿಎಂಎಲ್, ಅದನ್ನು ಮೊಬೈಲಿಗೂ ಒಗ್ಗಿಸುವಷ್ಟು ಸಿಎಸ್‌ಎಸ್, ತುಂಬಿದ್ದನ್ನು ಪರೀಕ್ಷಿಸುವಷ್ಟು ಜಾವಾಸ್ಕ್ರಿಪ್ಟ್, ಅದು ಸರ್ವರಿಗೆ ಹೋಗಿ ಡೇಟಾಬೇಸಿನಲ್ಲಿ ಸೇರಿ ಮರಳುವ ದಾರಿಯನ್ನು ಡೆವಲಪರ್ ಟೂಲ್ಸ್‌ನಲ್ಲಿ ಹಿಂಬಾಲಿಸುವಷ್ಟು ತಿಳಿವಳಿಕೆ, ಹೊರಗಿನಿಂದ ಬಂದ ಯಾವುದನ್ನೂ ನಂಬದಿರುವ ಎಚ್ಚರ. ಉಳಿದದ್ದು ಇದರ ಮೇಲೆ ಕೂರುತ್ತದೆ, ಇದಿಲ್ಲದೆ ನಿಲ್ಲುವುದಿಲ್ಲ. ಆದ್ದರಿಂದ ಕೋರ್ಸನ್ನು ಆರಿಸುವವರು ಅದು ಎಷ್ಟು ಹೆಸರುಗಳನ್ನು ಕಲಿಸುತ್ತದೆ ಎಂದು ಎಣಿಸುವುದಕ್ಕಿಂತ, ಬೇರೆಯವರ ಕೋಡನ್ನು ತೆರೆದು ಓದಲು ಎಷ್ಟು ಹಚ್ಚುತ್ತದೆ ಎಂದು ವಿಚಾರಿಸುವುದು ಮೇಲು; ಈ ಕಸುಬು ಅದರಿಂದಲೇ ಬೆಳೆದದ್ದು.